ಕರೆಂಟು ಇರುವಷ್ಟು ಹೊತ್ತು

ಆಷಾಢದ ಒಂದು ಭಾನುವಾರ. ಕೊಪ್ಪದ ಸುತ್ತಿನ ಯಾವುದೇ ಹಳ್ಳಿಯ ಯಾವುದೇ ಮನೆ ಎಂದುಕೊಳ್ಳಿ. ಹಂಚಿನ ಮೇಲೆ ಮಳೆ ಬಾರಿಸುತ್ತಿದೆ. ಅಂಗಳದಲ್ಲಿ ಪಾಚಿ ಕಟ್ಟಿದೆ. ನಡುಮನೆಯಲ್ಲಿ ಟಿ.ವಿ. ಮುಂದೆ ಇಬ್ಬರು ಹುಡುಗರು ಚಾಪೆಯ ಮೇಲೆ ಕೂತಿದ್ದಾರೆ. ಇಬ್ಬರ ಕೈಯಲ್ಲೂ ಒಂದೊಂದು ರಿಮೋಟು, ಅದರ ವಯರು ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೆ, ಪೆಟ್ಟಿಗೆಯ ವಯರು ಟಿ.ವಿ.ಯ ಬೆನ್ನಿಗೆ. ಕಾಡು, ಜಲಪಾತ, ಹಿಮದ ಬಯಲು ದಾಟಿ ಆರು ಸ್ಟೇಜು ಮುಗಿಸಿದ್ದಾರೆ. ಏಳನೆಯದು ನಡೆದಿದೆ, ಇದೊಂದು ದಾಟಿದರೆ ಕೊನೆಯದು. ಅಷ್ಟರಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ. ಪರದೆಯ ನಡುವೆ ಬಿಳಿಯ ಚುಕ್ಕೆಯೊಂದು ಉಳಿದು ಅದೂ ಆರಿಹೋಗುತ್ತದೆ. ಆಟವನ್ನು ಅಲ್ಲಿಗೇ ಉಳಿಸಿಟ್ಟುಕೊಂಡು ನಾಳೆ ಮುಂದುವರಿಸುವ ಸೌಕರ್ಯ ಆ ಪೆಟ್ಟಿಗೆಯಲ್ಲಿಲ್ಲ. ಕರೆಂಟು ಮತ್ತೆ ಬರುವುದು ಸಂಜೆಗೋ, ನಾಳಿದ್ದಿಗೋ ಹೇಳಲಾಗದು. ಬಂದಾಗ ಮತ್ತೆ ಒಂದನೆಯ ಸ್ಟೇಜಿನಿಂದಲೇ ಶುರು. ಅಲ್ಲಿಯವರೆಗೆ ಆ ಮನೆಯಲ್ಲಿ ಮಾತಾಡುವ ಯಂತ್ರವೆಂದರೆ ಬ್ಯಾಟರಿಯ ರೇಡಿಯೊ, ಅದರಲ್ಲಿ ಭದ್ರಾವತಿ ಕೇಂದ್ರ.

ಕೇಳುಗರೇ, ಆ ಹುಡುಗರು ಆಡುತ್ತಿದ್ದ ಆಟದ ಹೆಸರು ಕಾಂಟ್ರಾ. ಮೂವತ್ತೈದರಿಂದ ಐವತ್ತರ ಆಸುಪಾಸಿನವರೆಗಿನ ಎಷ್ಟೋ ಜನರ ಕಿವಿಯಲ್ಲಿ ಈ ಹೆಸರು ಬೀಳುತ್ತಲೇ ಹೆಬ್ಬೆರಳು ತಾನಾಗಿ ಅಲುಗೀತು. ಟ್ಯಾಂಕ್ ಗೇಮು, ಬಾತುಕೋಳಿ ಹೊಡೆಯುವ ಗೇಮು, ವಿಮಾನದ ಗೇಮು, ಗ್ಯಾಲಗಾ, ಡಬಲ್ ಡ್ರ್ಯಾಗನ್ ಇವೆಲ್ಲ ಅದರ ಓರಗೆಯವು. ಇವು ಹುಟ್ಟಿದ್ದು 1980ರ ದಶಕದ ಜಪಾನಿನಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಗೆ ಇವು ಬಂದು ತಲುಪುವಾಗ ಬಹುಪಾಲು ತೊಂಬತ್ತರ ದಶಕ. ಹತ್ತು ವರ್ಷ ತಡವಾಗಿ ಬಂದವು, ಮಾಡಿದವರ ಹೆಸರು ಕಳೆದುಕೊಂಡು ಬಂದವು, ಆದರೂ ಬಂದ ಕಡೆ ಗಟ್ಟಿಯಾಗಿ ನೆಲೆ ನಿಂತವು. ಆ ಕಳೆದ ಹೆಸರುಗಳನ್ನು ಮತ್ತೆ ಜೋಡಿಸಿ, ಆ ಆಟಗಳನ್ನು ಒಮ್ಮೆ ದೊಡ್ಡವರ ಕಣ್ಣಿನಿಂದ ನೋಡುವ ಕೆಲಸ ಇದು.

ಮೊದಲು ಇವುಗಳ ಮೂಲವಾದ ಆರ್ಕೇಡಿಗೆ ಹೋಗಬೇಕು. ಆರ್ಕೇಡ್ ಯಂತ್ರ ಎಂದರೆ ಆಳೆತ್ತರದ ಒಂದು ಮರದ ಪೆಟ್ಟಿಗೆ. ಒಳಗೆ ಒಂದು ಟಿ.ವಿ. ಪರದೆ, ಒಂದು ಎಲೆಕ್ಟ್ರಾನಿಕ್ ಹಲಗೆ, ಹೊರಗೆ ಒಂದು ಹಿಡಿ, ಎರಡೋ ಮೂರೋ ಗುಂಡಿ, ನಾಣ್ಯ ಹಾಕುವ ಕಿಂಡಿ. ನಾಣ್ಯ ಬಿದ್ದರೆ ಆಟ. ಆಟಗಾರ ಬೇಗ ಸೋತಷ್ಟೂ ಅಂಗಡಿಯವನಿಗೆ ಲಾಭ, ಆದರೆ ತೀರ ಬೇಗ ಸೋತರೆ ಅವನು ಮತ್ತೆ ಬರುವುದಿಲ್ಲ. ಸೋತವನಿಗೆ 'ಇನ್ನೊಂದೇ ಒಂದು ಸಲ ಆಡಿದರೆ ಗೆಲ್ಲುತ್ತಿದ್ದೆ' ಅನ್ನಿಸಬೇಕು. ಆ ಕಾಲದ ಆಟಗಳ ಇಡೀ ಕುಶಲತೆ ನಿಂತಿರುವುದು ಈ ಒಂದು ಅನ್ನಿಸಿಕೆಯ ಮೇಲೆ.

1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್ ಈ ಸಾಲಿನ ಹಿರಿಯಣ್ಣ. ಐದು ಸಾಲು, ಸಾಲಿಗೆ ಹನ್ನೊಂದು, ಒಟ್ಟು 55 ಅನ್ಯಲೋಕದ ಜೀವಿಗಳು ಎಡಕ್ಕೂ ಬಲಕ್ಕೂ ಸರಿಯುತ್ತ ಕೆಳಗಿಳಿಯುತ್ತವೆ. ಕೆಳಗೆ ಒಂಟಿ ಫಿರಂಗಿ. ಅದರೊಳಗಿನ ಇಂಟೆಲ್ 8080 ಎಂಬ ಪುಟ್ಟ ಮೆದುಳಿಗೆ ಅಷ್ಟು ಜೀವಿಗಳನ್ನು ಒಟ್ಟಿಗೆ ಸರಿಸುವ ತ್ರಾಣವಿರಲಿಲ್ಲ, ಒಂದಾದ ಮೇಲೆ ಒಂದನ್ನು ಸರಿಸಬೇಕಿತ್ತು. ಹಾಗಾಗಿ ಜೀವಿಗಳು ಸತ್ತು ಕಡಿಮೆಯಾದಂತೆಲ್ಲ ಉಳಿದವುಗಳ ಓಟ ತಾನಾಗಿ ಜೋರಾಯಿತು. ನಿಶಿಕಾಡೊ ಅದನ್ನು ದೋಷವೆಂದು ತಿದ್ದಲಿಲ್ಲ, ಹಾಗೆಯೇ ಉಳಿಸಿಕೊಂಡರು. ಜೊತೆಗೆ ನಾಲ್ಕೇ ನಾಲ್ಕು ಸ್ವರದ ಒಂದು ಸದ್ದು, ಅದೂ ಓಟದ ಜೊತೆಗೆ ಏರುತ್ತದೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಯುದ್ಧದ ಪ್ರಸಂಗದಲ್ಲಿ ಚಂಡೆಯ ಪೆಟ್ಟು ಬಿಗಿಯಾಗುತ್ತ ಹೋದಂತೆ ಕೂತವರ ಬೆನ್ನು ನೆಟ್ಟಗಾಗುವುದಿಲ್ಲವೇ, ಅದೇ.

1981ರಲ್ಲಿ ನಾಮ್ಕೊ ಕಂಪನಿಯ ಗ್ಯಾಲಗಾ ಬಂತು. ಆಟ ಅದೇ ಜಾತಿಯದು, ಆದರೆ ಅದರಲ್ಲೊಂದು ಪಣ ಇದೆ. ಮೇಲಿನ ಸಾಲಿನ ದೊಡ್ಡ ಶತ್ರು ಕೆಳಗಿಳಿದು ಬಲೆಯಂಥ ಬೆಳಕು ಬಿಡುತ್ತದೆ. ಅದರೊಳಗೆ ಸಿಕ್ಕರೆ ಆಟಗಾರನ ವಿಮಾನ ಸೆರೆ. ಮುಂದಿನ ವಿಮಾನದಲ್ಲಿ ಬಂದು, ಸೆರೆಹಿಡಿದ ಆ ಶತ್ರುವನ್ನೇ ಗುರಿಯಿಟ್ಟು ಹೊಡೆದರೆ ಹಳೆಯ ವಿಮಾನ ಬಿಡುಗಡೆಯಾಗಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ, ಗುಂಡು ಎರಡೆರಡಾಗುತ್ತದೆ. ಬೇಕೆಂದೇ ಸಿಕ್ಕಿಬೀಳುವ ಧೈರ್ಯ ಮಾಡಿದವನಿಗೆ ಇಮ್ಮಡಿ ಬಲ. ಆದರೆ ಗುರಿಯ ಅಗಲವೂ ಎರಡರಷ್ಟಾದ್ದರಿಂದ ಸಾಯುವುದೂ ಸುಲಭ. ಹತ್ತು ವರ್ಷದ ಮಗು ಇದನ್ನೆಲ್ಲ ಯಾರೂ ಹೇಳಿಕೊಡದೆ ಕಲಿಯುತ್ತದೆ. ಒಂದಕ್ಷರ ಓದಲು ಬಾರದಿದ್ದರೂ ಕಲಿಯುತ್ತದೆ. ಈ ಆಟಗಳ ದೊಡ್ಡಸ್ತಿಕೆ ಅಲ್ಲಿದೆ.

ಆಮೇಲೆ ಸಾಲುಸಾಲಾಗಿ ಬಂದವು. 1984ರಲ್ಲಿ ಕ್ಯಾಪ್ಕಾಮ್‌ನ 1942, ಎರಡನೆಯ ಮಹಾಯುದ್ಧದ ವಿಮಾನದಾಟ. ಜಪಾನಿನವರೇ ಮಾಡಿದ ಆಟದಲ್ಲಿ ಆಟಗಾರ ಅಮೆರಿಕದ ವಿಮಾನ ಹಾರಿಸುತ್ತ ಜಪಾನಿನ ವಿಮಾನಗಳನ್ನು ಉರುಳಿಸುತ್ತಾನೆ, ಹೊರದೇಶದ ಮಾರುಕಟ್ಟೆ ಅದನ್ನು ಕೇಳಿತ್ತು. 1985ರಲ್ಲಿ ಕೊನಾಮಿಯ ಗ್ರೇಡಿಯಸ್. 1987ರಲ್ಲಿ ಐರೆಮ್‌ನ ಆರ್-ಟೈಪ್, ಟೈಟೊದ ಆಪರೇಷನ್ ವುಲ್ಫ್, ಯೊಶಿಹಿಸ ಕಿಶಿಮೊಟೊ ರೂಪಿಸಿದ ಡಬಲ್ ಡ್ರ್ಯಾಗನ್. ಅದೇ 1987ರಲ್ಲಿ ಕೊನಾಮಿಯ ಕಾಂಟ್ರಾ, ಅದೂ ಮೊದಲು ನಾಣ್ಯದ ಪೆಟ್ಟಿಗೆಯಲ್ಲೇ.

ಆಪರೇಷನ್ ವುಲ್ಫ್‌ನ ಪೆಟ್ಟಿಗೆಯ ಮೇಲೆ ನಿಜದ ಗಾತ್ರದ ಬಂದೂಕನ್ನೇ ಕೂರಿಸಿದ್ದರು. ಅದಕ್ಕೊಂದು ಮೂಲರೂಪ ಮಲೆನಾಡಿನಲ್ಲೂ ಇತ್ತು. ಯಾವ ಜಾತ್ರೆಗೆ ಹೋದರೂ ಬೆಂಡು ಬತ್ತಾಸಿನ ಅಂಗಡಿಯ ಆಚೆ ಹಲಗೆಗೆ ಬಲೂನು ಕಟ್ಟಿಕೊಂಡು ಗಾಳಿಕೋವಿ ಹಿಡಿದು ಕೂತವನೊಬ್ಬ ಇರುತ್ತಿದ್ದ. ಇಷ್ಟು ದುಡ್ಡಿಗೆ ಇಷ್ಟು ಗುಂಡು, ತಪ್ಪಿದರೆ ಮತ್ತೆ ದುಡ್ಡು. ಕೋವಿಯ ನಳಿಗೆ ಒಂದಿಷ್ಟು ಸೊಟ್ಟ, ಆ ಸೊಟ್ಟವನ್ನು ಅರಿತವನೇ ಗೆಲ್ಲುವವನು. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಜಾತ್ರೆಗೋ ಶೃಂಗೇರಿಯ ನವರಾತ್ರಿಗೋ ಅಪ್ಪನ ಕೈಹಿಡಿದು ಬಂದ ಮಗುವಿಗೆ ಗುರಿಯಿಡುವ ಆಟದ ಮೊದಲ ರುಚಿ ಸಿಕ್ಕಿದ್ದು ಇಂಥ ಅಂಗಡಿಯ ಮುಂದೆ. ಎಲೆಕ್ಟ್ರಾನಿಕ್ ಆಟಗಳಿಗಿಂತ ಮೊದಲು ಹೊರದೇಶದ ಆಟದ ಅಂಗಡಿಗಳಲ್ಲೂ ಕೋವಿ ಹಿಡಿದು ಗುರಿ ಹೊಡೆಯುವ ಯಂತ್ರಗಳಿದ್ದವು.

ನಾಣ್ಯದ ಪೆಟ್ಟಿಗೆಗಳು ಕರ್ನಾಟಕಕ್ಕೆ ಬರಲಿಲ್ಲವೇ? ಬಂದವು. ಬೆಂಗಳೂರಿನಲ್ಲಿ ಎಂಬತ್ತರ ದಶಕದಲ್ಲೇ ವಿಡಿಯೋ ಗೇಮ್ ಪಾರ್ಲರುಗಳಿದ್ದವು. ಆ ಹೆಸರಿನ ಕೆಳಗೆ ಎರಡು ಬಗೆಯ ಯಂತ್ರಗಳು ಸೇರಿಕೊಂಡಿದ್ದವು. ಒಂದು ಕೈಚಳಕದ ಆಟ, ಇನ್ನೊಂದು ದುಡ್ಡು ಕಟ್ಟಿ ಅದೃಷ್ಟ ನೋಡುವ ಜೂಜಿನ ಯಂತ್ರ. 1989ರಲ್ಲಿ ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನೆಯ ಸ್ಥಳಗಳ ಪರವಾನಗಿಯ ಆದೇಶ ಬಂತು. ಪಾರ್ಲರಿನವರು ಅದನ್ನು ಪ್ರಶ್ನಿಸಿದರು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ವಿಡಿಯೋ ಗೇಮ್ ನಡೆಸಲು ಪರವಾನಗಿ ಬೇಕೆನ್ನುವ ನಿಯಮ ಸರಿ ಎಂದಿತು. ಕೌಶಲ ಯಾವುದು, ಅದೃಷ್ಟ ಯಾವುದು ಎಂಬ ಚರ್ಚೆಗೆ ಇಂದಿಗೂ ವಕೀಲರು ಈ ತೀರ್ಪನ್ನು ತೆಗೆದು ನೋಡುತ್ತಾರೆ. ಜೂಜಿನ ಯಂತ್ರವನ್ನು ಹಿಡಿತದಲ್ಲಿಟ್ಟದ್ದು ನ್ಯಾಯವೇ. ಆದರೆ ಅದರ ಪಕ್ಕದಲ್ಲಿ ನಿಂತದ್ದಕ್ಕಾಗಿ ಗ್ಯಾಲಗಾದಂಥ ಅಪ್ಪಟ ಕೈಚಳಕದ ಆಟಕ್ಕೂ ಕೆಟ್ಟ ಹೆಸರು ಅಂಟಿತು. 'ವಿಡಿಯೋ ಗೇಮಿಗೆ ಹೋಗುತ್ತಾನೆ' ಎಂದರೆ ಹುಡುಗ ಕೈತಪ್ಪಿದ ಎಂದೇ ಅರ್ಥವಾಗುತ್ತಿದ್ದ ಮನೆಗಳು ಎಷ್ಟೋ.

ಈ ಮೂರು ತಾಲ್ಲೂಕಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ತುಂಗೆಯೂ ಭದ್ರೆಯೂ ಹರಿಯುತ್ತವೆ, ಅಡಿಕೆಯೂ ಕಾಫಿಯೂ ಬೆಳೆಯುತ್ತವೆ, ರೈಲು ಮಾತ್ರ ಇಲ್ಲ. ಮನೆಗಳು ಊರಾಗಿ ಒತ್ತೊತ್ತಾಗಿ ಕೂತಿಲ್ಲ. ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಗುಡ್ಡ, ಗದ್ದೆ, ಕಾಲುಸಂಕ. ಇಂಥ ಕಡೆ ನಾಣ್ಯ ಹಾಕಲು ಮಕ್ಕಳು ಸಂಜೆ ಸಂಜೆ ಪೇಟೆಗೆ ಹೋಗುವುದು ಆಗದ ಮಾತು. ಆಟವೇ ಮನೆಗೆ ಬರಬೇಕಿತ್ತು. ಬಂದದ್ದು ಬಸ್ಸಿನಲ್ಲಿ. ಕೊಪ್ಪದ ಸಾರಿಗೆ ಕಾರ್ಮಿಕರು ತಾವೇ ಮಾಲೀಕರಾಗಿ ಬಸ್ಸು ಓಡಿಸುವ ಸಹಕಾರ ಸಾರಿಗೆ ಕಟ್ಟಿದ್ದೂ ಆ ಕಾಲದಲ್ಲೇ, 1991ರಲ್ಲಿ. ಶಿವಮೊಗ್ಗಕ್ಕೋ ಉಡುಪಿಗೋ ಹೋದ ಅಪ್ಪ, ಬೆಂಗಳೂರಿನ ಎಸ್.ಪಿ. ರಸ್ತೆಯನ್ನೋ ನ್ಯಾಷನಲ್ ಮಾರ್ಕೆಟ್ಟನ್ನೋ ಸುತ್ತಿ ಬಂದ ಚಿಕ್ಕಪ್ಪ, ರಜೆಗೆ ಬಂದ ಅತ್ತೆಯ ಮಗ ಬ್ಯಾಗಿನಲ್ಲಿ ಆ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿಳಿದರೆ ಆ ಕೇರಿಯ ರಜೆ ಬೇರೆಯೇ ಆಗಿಬಿಡುತ್ತಿತ್ತು.

ಆ ಪೆಟ್ಟಿಗೆ ಯಾವುದು? ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಮನೆಯಾಟದ ಯಂತ್ರ ತಂದಿತು. ಅದನ್ನು ರೂಪಿಸಿದ ಎಂಜಿನಿಯರ್ ಮಸಯುಕಿ ಉಎಮುರ. ನಾಣ್ಯದ ಪೆಟ್ಟಿಗೆಯ ಆಟಗಳನ್ನು ಮನೆಯ ಟಿ.ವಿ.ಗೆ ತರುವುದೇ ಅದರ ಉದ್ದೇಶ. ಇಲ್ಲಿಗೆ ಬಂದದ್ದು ಅದಲ್ಲ, ಅದರ ನಕಲು. ಒಳಗಿನ ಚಿಪ್ಪುಗಳನ್ನು ತೈವಾನು, ಚೀನಾಗಳಲ್ಲಿ ನಕಲು ಮಾಡಿ ಬಗೆಬಗೆಯ ಹೆಸರಲ್ಲಿ ಲೋಕಕ್ಕೆಲ್ಲ ಮಾರಿದರು. ಭಾರತದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಹಲವರಿಗೆ ನೆನಪಿರುತ್ತವೆ. ಅದರ ಜೊತೆಗೆ ಹಳದಿಯೋ ಕೆಂಪೋ ಬಣ್ಣದ ಕ್ಯಾಸೆಟ್ಟು, ಮೇಲೆ 9999999 ಆಟಗಳಿವೆ ಎಂಬ ಬರಹ. ಒಳಗೆ ಇರುತ್ತಿದ್ದುದು ಹತ್ತಿಪ್ಪತ್ತು ಆಟ, ಮಿಕ್ಕದ್ದೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ, ಬೇರೆ ಸ್ಟೇಜಿನಿಂದ. ಮೂಲ ತಯಾರಕರಿಗೆ ಇದರಿಂದ ಒಂದು ಪೈಸೆಯೂ ಹೋಗಲಿಲ್ಲ. ಜಾಗ ಉಳಿಸಲು ಆಟದ ಮೊದಲ ಪರದೆಯನ್ನೇ ಕತ್ತರಿಸಿ, ಕಂಪನಿಯ ಹೆಸರನ್ನು ಅಳಿಸಿದ್ದೂ ಉಂಟು. ಮಕ್ಕಳಿಗೆ ಆಟ ಸಿಕ್ಕಿತು, ಆಟದ ಊರು ಸಿಗಲಿಲ್ಲ.

ಟ್ಯಾಂಕ್ ಗೇಮನ್ನೇ ನೋಡಿ. ಅದರ ನಿಜನಾಮ ಬ್ಯಾಟಲ್ ಸಿಟಿ, ಮಾಡಿದ್ದು ನಾಮ್ಕೊ, ವರ್ಷ 1985, ಅದರ ಬೇರು ಅದೇ ಕಂಪನಿಯ 1980ರ ಆರ್ಕೇಡ್ ಆಟವೊಂದರಲ್ಲಿ. ಕೆಳಗೆ ಇಟ್ಟಿಗೆಗೋಡೆಯ ನಡುವೆ ಒಂದು ಹದ್ದು. ಮೇಲಿನಿಂದ ಇಳಿಯುವ 20 ಟ್ಯಾಂಕುಗಳಿಂದ ಅದನ್ನು ಕಾಯಬೇಕು. ಅವಸರದಲ್ಲಿ ತಿರುಗಿ ಹೊಡೆದ ತನ್ನದೇ ಗುಂಡು ಹದ್ದಿಗೆ ತಗುಲಿದರೂ ಆಟ ಮುಗಿಯಿತು. ತಂಗಿಯ ಗುಂಡಿಗೆ ಹದ್ದು ಸತ್ತು ಅಣ್ಣ ಊಟ ಬಿಟ್ಟ ಪ್ರಸಂಗಗಳು ಮನೆಮನೆಯಲ್ಲೂ ಇದ್ದಾವು. ಅದರಲ್ಲಿ ಆಟಗಾರ ತಾನೇ ಇಟ್ಟಿಗೆ, ಉಕ್ಕು, ನೀರು, ಪೊದೆ ಜೋಡಿಸಿ ತನ್ನದೊಂದು ರಣಾಂಗಣ ಕಟ್ಟುವ ಸೌಕರ್ಯವೂ ಇತ್ತು. ಕಟ್ಟಿದ್ದು ಕರೆಂಟು ಇರುವಷ್ಟು ಹೊತ್ತು ಮಾತ್ರ. ಮರುದಿನ ಮತ್ತೆ ಕಟ್ಟಬೇಕು. ತೋಡಿಗೆ ಮಣ್ಣಿನ ಕಟ್ಟೆ ಹಾಕಿ, ರಾತ್ರಿಯ ಮಳೆಗೆ ಅದು ಕೊಚ್ಚಿಹೋಗಿ, ಮರುದಿನ ಮತ್ತೆ ಹಾಕುತ್ತಿದ್ದ ಮಕ್ಕಳಿಗೆ ಅದೊಂದು ಕಷ್ಟವೇ ಅಲ್ಲ.

ಇನ್ನು ಕಾಂಟ್ರಾ. ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಲೇಬೇಕು.

ನಾಣ್ಯದ ಪೆಟ್ಟಿಗೆಯ ಕಾಂಟ್ರಾಕ್ಕಿಂತ 1988ರಲ್ಲಿ ಮನೆಯ ಯಂತ್ರಕ್ಕೆ ಬಂದ ಕಾಂಟ್ರಾವೇ ಉತ್ತಮ ಆಟ. ಚಿತ್ರ ಸರಳವಾಯಿತು, ಬಣ್ಣ ಕಡಿಮೆಯಾಯಿತು, ಆದರೆ ಓಟ ಹದಕ್ಕೆ ಬಂತು, ಹಾರುವುದು, ಮಲಗುವುದು, ಓರೆಯಾಗಿ ಹೊಡೆಯುವುದು ಬೆರಳು ಹೇಳಿದಂತೆ ಕೇಳಿತು. ಇಬ್ಬರು ಯೋಧರು, ಬಿಲ್ ಮತ್ತು ಲ್ಯಾನ್ಸ್, ಒಬ್ಬನದು ನೀಲಿ ಚಡ್ಡಿ, ಇನ್ನೊಬ್ಬನದು ಕೆಂಪು. ಕಪ್ಪು ಬಿಳುಪು ಟಿ.ವಿ.ಯ ಮನೆಯಲ್ಲಿ ಈ ವ್ಯತ್ಯಾಸವೇ ಮಾಯ. ಗದ್ದಲದ ನಡುವೆ ನಾನು ಯಾರು, ನೀನು ಯಾರು ಎಂದು ಹಾರಿ ತೋರಿಸಿ ಗುರುತು ಹಿಡಿಯಬೇಕಿತ್ತು. ಹಾರಿಬರುವ ಡಬ್ಬಿಗೆ ಹೊಡೆದರೆ ಬೀಳುವ ಅಕ್ಷರಗಳಲ್ಲಿ ಎಸ್ ಎಲ್ಲಕ್ಕಿಂತ ದೊಡ್ಡದು. ಒಂದೇ ಹೊಡೆತಕ್ಕೆ ಐದು ಗುಂಡು ಬೀಸಣಿಗೆಯಂತೆ ಹರಡುತ್ತಿತ್ತು. ಸತ್ತರೆ ಅದು ಹೋಯಿತು. ಆ ಎಸ್ ಯಾರಿಗೆ ಎಂಬ ಜಗಳ ಅಂಗಳದವರೆಗೂ ಬಂದದ್ದುಂಟು. ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಗೆ. ಎಸ್, ಎಂ, ಎಲ್, ಎಫ್ ಅಕ್ಷರಗಳನ್ನು ಅದಕ್ಕೂ ಮೊದಲೇ ಗುರುತಿಸಿದ ಮಕ್ಕಳಿಗೆ ಆ ಪಾಠ ಹೇಳಿದ್ದು ಕಾಂಟ್ರಾ.

ಮೂರನೆಯ ಸ್ಟೇಜು ಜಲಪಾತ. ಆಟಗಾರ ಬಂಡೆಯಿಂದ ಬಂಡೆಗೆ ಹಾರುತ್ತ ನೀರಿನ ಎದುರು ಮೇಲೇರಬೇಕು. ಇಬ್ಬರು ಆಡುವಾಗ ಮುಂದಿನವನು ಅವಸರ ಮಾಡಿ ಏರಿದರೆ ಪರದೆಯೂ ಮೇಲೇರಿ ಕೆಳಗುಳಿದವನು ಸಾಯುತ್ತಾನೆ. ಜೊತೆಯವನನ್ನು ನೋಡಿಕೊಂಡು ಹೆಜ್ಜೆ ಇಡದಿದ್ದರೆ ಈ ಸ್ಟೇಜು ದಾಟಲಾಗದು. ಕಿಗ್ಗದ ಹತ್ತಿರದ ಸಿರಿಮನೆ ಜಲಪಾತದಲ್ಲಿ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಗೊತ್ತಿದ್ದ ಶೃಂಗೇರಿಯ ಹುಡುಗರಿಗೆ ಪರದೆಯ ಆ ಕಲ್ಲು, ಆ ನೀರು ತೀರ ಅಪರಿಚಿತವೇನಲ್ಲ. ಟೋಕಿಯೋದ ಮಗುವಿಗೆ ಕಾಂಟ್ರಾದ ಕಾಡು ಕಲ್ಪನೆಯ ಕಾಡು, ಇಲ್ಲಿನ ಮಗುವಿಗೆ ಮನೆಯ ಹಿತ್ತಲು. ಪ್ರತಿ ಸ್ಟೇಜಿನ ಕೊನೆಗೆ ಬರುವ ದೊಡ್ಡ ಶತ್ರುವನ್ನು ಮಕ್ಕಳು ಬಾಸ್ ಎಂದರು. ಅವನು ಬರುವ ಮುನ್ನ ಸಣ್ಣಪುಟ್ಟವರೆಲ್ಲ ಸರಿದುಹೋಗಿ ಪರದೆ ಖಾಲಿಯಾಗುವುದು, ಆಮೇಲೆ ಅವನು ತುಂಬಿಕೊಳ್ಳುವುದು, ಇದು ಯಕ್ಷಗಾನದ ಬಣ್ಣದ ವೇಷದ ಪ್ರವೇಶದ ಕ್ರಮವೇ.

ಈ ಆಟ ಕಠಿಣ. ಮೂರೇ ಪ್ರಾಣ, ಒಂದು ಗುಂಡು ತಗುಲಿದರೆ ಒಂದು ಪ್ರಾಣ. ಆಗ ಮಕ್ಕಳಿಂದ ಮಕ್ಕಳಿಗೆ, ಶಾಲೆಯ ಬೆಂಚಿನಿಂದ ಬೆಂಚಿಗೆ ಒಂದು ಮಂತ್ರ ಹಬ್ಬಿತು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಆಟ ಶುರುವಾಗುವ ಮುನ್ನ ಇದನ್ನು ಒತ್ತಿದರೆ ಮೂರರ ಬದಲು ಮೂವತ್ತು ಪ್ರಾಣ. ಇದರ ಹಿಂದಿರುವವರು ಕೊನಾಮಿಯ ಕಜುಹಿಸ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ಪರೀಕ್ಷಿಸಿ ನೋಡಲು ಅದು ತನಗೇ ಕಷ್ಟವಾಯಿತೆಂದು ಅವರು ಈ ಗುಟ್ಟಿನ ಕೀಲಿಯನ್ನು ಒಳಗಿಟ್ಟುಕೊಂಡರು. ಅದು ಆಟದೊಳಗೇ ಉಳಿದು, ಕಾಂಟ್ರಾಕ್ಕೂ ಬಂದು, ಲೋಕವೆಲ್ಲ ಸುತ್ತಿತು. ಹಶಿಮೊಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂತರ್ಜಾಲವಿಲ್ಲದ ಕಾಲದಲ್ಲಿ, ಫೋನೂ ಅಪರೂಪವಾಗಿದ್ದ ಹಳ್ಳಿಗಳಿಗೆ, ಹತ್ತು ಗುಂಡಿಯ ಈ ಕ್ರಮ ಒಂದಕ್ಷರ ತಪ್ಪದೆ ಬಾಯಿಂದ ಬಾಯಿಗೆ ತಲುಪಿದ್ದು ಸಣ್ಣ ಸಂಗತಿಯಲ್ಲ. ಮಗ್ಗಿ ಕಲಿತ ಹಾಗೆ ಕಲಿತರು.

ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. ಜಪಾನಿನ ಟಿ.ವಿ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು, ಭಾರತದ ಪಾಲ್ ಪದ್ಧತಿಯ ಟಿ.ವಿ. 50 ಸಲ. ಈ ಆಟಗಳ ನಡೆಯೆಲ್ಲ ಪರದೆಯ ಆ ಎಣಿಕೆಗೇ ಕಟ್ಟಿಹಾಕಿದ್ದು. ಹಾಗಾಗಿ ಪಾಲ್ ಟಿ.ವಿ.ಗೆಂದು ಮಾಡಿದ ಪೆಟ್ಟಿಗೆಯಲ್ಲಿ ಆಡಿದವರಿಗೆ ಸಿಕ್ಕಿದ್ದು ಮೂಲದ ಆರರಲ್ಲಿ ಐದು ಪಾಲು ವೇಗದ ಆಟ. ಸಂಗೀತದ ಲಯವೂ ಅಷ್ಟೇ ನಿಧಾನ. ಇಂದು ಯಾರಾದರೂ ಮೂಲ ಕಾಂಟ್ರಾವನ್ನು ಕೇಳಿ 'ಇದ್ಯಾಕೋ ಓಡುತ್ತಿದೆ, ನಮ್ಮದು ಹೀಗಿರಲಿಲ್ಲ' ಎಂದರೆ ಅವರ ನೆನಪು ಸುಳ್ಳಲ್ಲ. ಅವರ ಕಿವಿ ಸರಿಯಾಗಿಯೇ ನೆನಪಿಟ್ಟಿದೆ.

ಬಾತುಕೋಳಿ ಹೊಡೆಯುವ ಕೋವಿಯ ಗುಟ್ಟೂ ಟಿ.ವಿ.ಯಲ್ಲೇ ಇತ್ತು. ನಿಂಟೆಂಡೊದ ಡಕ್ ಹಂಟ್ 1984ರದ್ದು. ಬೆಳೆ ಕಾಯಲು ಪರವಾನಗಿಯ ಕೋವಿ ಗೋಡೆಯ ಮೇಲೆ ತೂಗುವ ಮಲೆನಾಡಿನ ಮನೆಗಳಲ್ಲಿ ಮಕ್ಕಳು ಮುಟ್ಟಬಹುದಾದ ಕೋವಿಯೆಂದರೆ ಇದೊಂದೇ. ಆ ಪ್ಲಾಸ್ಟಿಕ್ ಕೋವಿಯಿಂದ ಹೊರಗೆ ಏನೂ ಹೊರಡುವುದಿಲ್ಲ, ಅದು ನೋಡುವ ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬರೀ ಬಲ್ಬಿಗೆ ಹಿಡಿದು ಹೊಡೆದರೆ ಮೋಸ ಸಾಗದಿರಲೆಂದೇ ಆ ಕತ್ತಲು. ಇದೆಲ್ಲ ನಡೆಯುವುದು ಹಿಂದಿನ ದಪ್ಪ ಬೆನ್ನಿನ ಟಿ.ವಿ.ಯಲ್ಲಿ ಮಾತ್ರ. ಇಂದಿನ ತೆಳು ಟಿ.ವಿ. ಚಿತ್ರವನ್ನು ಒಂದಿಷ್ಟು ತಡಮಾಡಿ, ಬೇರೆ ರೀತಿಯಲ್ಲಿ ತೋರಿಸುವುದರಿಂದ ಕೋವಿ ಕುರುಡಾಗುತ್ತದೆ. ಇನ್ನೊಂದು ಮಾತು: ಒಂದೇ ಹಕ್ಕಿ ಹಾರುವ ಆಟದಲ್ಲಿ ಎರಡನೆಯ ರಿಮೋಟು ಹಿಡಿದವರು ಹಕ್ಕಿಯನ್ನು ತಮಗೆ ಬೇಕಾದತ್ತ ಹಾರಿಸಬಹುದಿತ್ತು. ಅಣ್ಣ ಹೊಡೆಯುವಾಗ ಸುಮ್ಮನೆ ನೋಡುತ್ತ ಕೂತ ತಂಗಿಯರಿಗೆ ಇದನ್ನು ಆಗಲೇ ಯಾರಾದರೂ ಹೇಳಬೇಕಿತ್ತು.

ಡಬಲ್ ಡ್ರ್ಯಾಗನ್ನಿನಲ್ಲೂ ಹೀಗೊಂದು ಕೊರತೆ. ನಾಣ್ಯದ ಪೆಟ್ಟಿಗೆಯಲ್ಲಿ ಇಬ್ಬರೂ ಒಟ್ಟಿಗೆ ಆಡಬಹುದಿತ್ತು, ಕೊನೆಯ ವೈರಿ ಬಿದ್ದ ಮೇಲೆ ಅಲ್ಲಿಯವರೆಗೆ ಜೊತೆಗಿದ್ದ ಅವರಿಬ್ಬರೇ ಎದುರುಬದುರು ನಿಂತು ಕಾದಾಡಬೇಕಿತ್ತು. ಮನೆಗೆ ಬಂದ ಮೊದಲ ಡಬಲ್ ಡ್ರ್ಯಾಗನ್ನಿನ ಕಥೆಯಲ್ಲಿ ಒಟ್ಟಿಗೆ ಹೋಗುವ ಅವಕಾಶವೇ ಇರಲಿಲ್ಲ, ಸರದಿಯ ಮೇಲೆ ಆಡಬೇಕು.

ಮಲೆನಾಡಿನಲ್ಲಿ ಈ ಆಟಗಳಿಗೆ ದೊಡ್ಡ ವೈರಿ ಯಾವ ಬಾಸೂ ಅಲ್ಲ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಪುಸ್ತಕಕ್ಕೆ ಬೂಷ್ಟು ಬರುವ ಈ ಸೀಮೆಯಲ್ಲಿ ಕ್ಯಾಸೆಟ್ಟಿನ ಅಂಚಿನ 60 ಲೋಹದ ಪಟ್ಟಿಗಳು ಕ್ಲಾವು ಹಿಡಿಯುತ್ತಿದ್ದವು. ಪರದೆಯಲ್ಲಿ ಚೌಕಚೌಕ ಗೆರೆಗಳು ಬಂದ ಕೂಡಲೇ ಕ್ಯಾಸೆಟ್ ಕಿತ್ತು, ಬಾಯಿಯ ಹತ್ತಿರ ಹಿಡಿದು ಕೊಳಲಿನಂತೆ ಊದುವುದು ಎಲ್ಲರಿಗೂ ಗೊತ್ತಿದ್ದ ವೈದ್ಯ. ಹಾಕಿದರೆ ಆಟ ಬರುತ್ತಿತ್ತು, ನಂಬಿಕೆ ಗಟ್ಟಿಯಾಗುತ್ತಿತ್ತು. ನಿಜವಾಗಿ ಕೆಲಸ ಮಾಡಿದ್ದು ಊದಿದ್ದಲ್ಲ, ಕಿತ್ತು ಮತ್ತೆ ಹಾಕಿದಾಗ ಪಟ್ಟಿಗಳು ಉಜ್ಜಿಕೊಂಡದ್ದು. ಬಾಯಿಯ ತೇವ ಮಾತ್ರ ಒಳಗೇ ಉಳಿದು ಲೋಹವನ್ನು ಇನ್ನಷ್ಟು ತಿನ್ನುತ್ತಿತ್ತು. ಇದರ ಮೇಲೆ ಕಡಿಮೆ ವೋಲ್ಟೇಜು. ಸಂಜೆ ಎಲ್ಲರ ಮನೆಯ ದೀಪ ಹೊತ್ತಿದರೆ ಟಿ.ವಿ.ಯ ಚಿತ್ರ ಕುಗ್ಗುತ್ತಿತ್ತು, ಸ್ಟೆಬಿಲೈಸರ್ ಟಕ್ ಟಕ್ ಎನ್ನುತ್ತಿತ್ತು. ಆಟಕ್ಕೆ ಒಳ್ಳೆಯ ಕಾಲವೆಂದರೆ ಅಡಿಕೆ ಕೊಯ್ಲಿನ ದಿನಗಳು. ಮಳೆ ಹಿಂದೆ ಸರಿದಿರುತ್ತಿತ್ತು, ದೊಡ್ಡವರೆಲ್ಲ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತಿರುತ್ತಿದ್ದರು, ಟಿ.ವಿ. ಮುಂದೆ ಯಾರು ಕೂತಿದ್ದಾರೆಂದು ನೋಡಲು ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ.

ಮಕ್ಕಳು ಓದಲು ಹೋದರು, ಕೆಲಸಕ್ಕೆ ಹೋದರು. ಹಳದಿ ಎಲೆ ರೋಗ ತಿಂದ ತೋಟಗಳ ಮನೆಯವರು ಬೆಂಗಳೂರು ಸೇರಿದ್ದೂ ಹೆಚ್ಚು. ದಪ್ಪ ಟಿ.ವಿ.ಗಳು ಗುಜರಿಗೆ ಹೋದವು. 2020ರಲ್ಲಿ ಸಹಕಾರ ಸಾರಿಗೆಯ ಬಸ್ಸೂ ನಿಂತಿತು. ಪೆಟ್ಟಿಗೆ ಅಟ್ಟ ಸೇರಿತು.

ಆಟಗಳು ಮಾತ್ರ ಸಾಯಲಿಲ್ಲ. 1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೊಲಾ ಸಾಲ್ಮೊರಿಯಾ ಎಂಬ ಪ್ರೋಗ್ರಾಮರ್ ಮೇಮ್ ಎಂಬ ತಂತ್ರಾಂಶ ಹೊರತಂದರು. ಹಳೆಯ ನಾಣ್ಯದ ಪೆಟ್ಟಿಗೆಯೊಳಗಿನ ಒಂದೊಂದು ಚಿಪ್ಪಿನ ನಡತೆಯನ್ನೂ ಕಂಪ್ಯೂಟರಿನಲ್ಲಿ ಯಥಾವತ್ತಾಗಿ ಮಾಡಿ ತೋರಿಸುವುದು ಅದರ ಕೆಲಸ. ಆಡಿಸುವುದಕ್ಕಿಂತ ಹೆಚ್ಚಾಗಿ ಆ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವೆಂದು ದಾಖಲಿಸುವುದು ಅದರ ಗುರಿ. ನೂರಾರು ಜನ ಸೇರಿ ಅದನ್ನು ಬೆಳೆಸಿದ್ದಾರೆ. ಕಂಪನಿಗಳಿಗೂ ತಮ್ಮ ಹಳೆಯ ಆಸ್ತಿಯ ಬೆಲೆ ತಿಳಿಯಿತು. ಜಪಾನಿನ ಹ್ಯಾಮ್‌ಸ್ಟರ್ ಕಂಪನಿ 2014ರಿಂದ ಆರ್ಕೇಡ್ ಆಟಗಳನ್ನು ಒಂದೊಂದಾಗಿ ಹಕ್ಕು ಪಡೆದು ಮತ್ತೆ ಹೊರತರುತ್ತಿದೆ. ಕೊನಾಮಿ 2019ರಲ್ಲಿ ಹಳೆಯ ಕಾಂಟ್ರಾಗಳ ಸಂಗ್ರಹವನ್ನೇ ಕೊಟ್ಟಿತು, ನಾಣ್ಯದ ಪೆಟ್ಟಿಗೆಯದೂ ಮನೆಯದೂ ಅದರಲ್ಲಿವೆ. ಅಂದು ನಕಲಿನಲ್ಲಿ ಆಡಿದವರು ಇಂದು ದುಡ್ಡು ಕೊಟ್ಟು ಮೂಲವನ್ನು ಆಡಿದರೆ ಹಳೆಯದೊಂದು ಸಾಲ ತೀರಿಸಿದಂತೆ.

ಮತ್ತೆ ಆಡಿದಾಗ ಏನು ಕಾಣುತ್ತದೆ? ಕೆಲವು ಸೊರಗಿವೆ, ಮನೆಗೆ ಬಂದ 1942ರ ಸದ್ದನ್ನು ಹತ್ತು ನಿಮಿಷ ಕೇಳುವುದು ಕಷ್ಟ. ಗ್ಯಾಲಗಾ, ಬ್ಯಾಟಲ್ ಸಿಟಿ, ಕಾಂಟ್ರಾ ಈ ಮೂರು ಒಂದಿಷ್ಟೂ ಮುಕ್ಕಾಗಿಲ್ಲ. ಈಗಿನ ಮೊಬೈಲ್ ಆಟಗಳು ಸೋತವನಿಗೆ ಜಾಹೀರಾತು ತೋರಿಸಿ, ದುಡ್ಡು ಕೇಳಿ ಮುಂದಕ್ಕೆ ಬಿಡುತ್ತವೆ. ಈ ಮೂರು ಬಿಡುವುದಿಲ್ಲ. ಸೋತರೆ ತಪ್ಪು ಎಲ್ಲಾಯಿತೆಂದು ಬೆರಳಿಗೇ ಗೊತ್ತಾಗುತ್ತದೆ, ಮುಂದಿನ ಸಲ ಅದೇ ಬೆರಳು ಸರಿ ಮಾಡಿಕೊಳ್ಳುತ್ತದೆ. ಮೂವತ್ತು ವರ್ಷವಾದರೂ ಒಂದನೆಯ ಸ್ಟೇಜಿನ ಸೇತುವೆ ಎಲ್ಲಿ ಸಿಡಿಯುತ್ತದೆಂದು ಕೈ ಮರೆತಿರುವುದಿಲ್ಲ.

ಆಟಗಳ ಚರಿತ್ರೆಯನ್ನು ಜಪಾನಿನವರು, ಅಮೆರಿಕದವರು ಬರೆದಿಟ್ಟಿದ್ದಾರೆ. ಮಲೆನಾಡಿನ ಮನೆಗಳಲ್ಲಿ ಅವನ್ನು ಹೇಗೆ ಆಡಿದರೆಂಬುದನ್ನು ಇಲ್ಲಿಯವರಲ್ಲದೆ ಬೇರೆ ಯಾರೂ ಬರೆಯಲಾರರು. ಪೆಟ್ಟಿಗೆ ಎಲ್ಲಿಂದ ಬಂತು, ಎಷ್ಟು ಕೊಟ್ಟರು, ಯಾವ ಆಟಕ್ಕೆ ಯಾವ ಕನ್ನಡ ಹೆಸರಿಟ್ಟರು, ಕ್ಯಾಸೆಟ್ ಬದಲಾಯಿಸಿಕೊಳ್ಳಲು ಯಾವ ಗುಡ್ಡ ಹತ್ತಿಳಿದರು, ಮೂವತ್ತು ಪ್ರಾಣದ ಗುಟ್ಟು ಯಾರ ಬಾಯಿಂದ ಬಂತು ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿಡಿ. ಊರಿನ ಗ್ರಂಥಾಲಯಕ್ಕೋ ಶಾಲೆಗೋ ಅದರದೊಂದು ಪ್ರತಿ ಕೊಡಿ. ಈ ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಅಟ್ಟ ಹತ್ತಿ ಆ ಪೆಟ್ಟಿಗೆಯನ್ನು ಕೆಳಗಿಳಿಸಿ. ಕ್ಯಾಸೆಟ್ಟಿನ ಪಟ್ಟಿಗಳನ್ನು ಊದಬೇಡಿ, ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಒರೆಸಿ, ಪೂರ್ತಿ ಒಣಗಲು ಬಿಡಿ. ಹಳೆಯ ಅಡಾಪ್ಟರನ್ನು ಪ್ಲಗ್ಗಿಗೆ ಹಾಕುವ ಮುನ್ನ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.